ಕರಿ ರಾಡಿಗೆ ಮೊದಲ ಕಟ್

ಸಣ್ಣ ಲೇತ್ ಕೊಂಡವರಿಗೆಲ್ಲ ಸಿಗುವ ಮೊದಲ ಉಪದೇಶ ಒಂದೇ: ಕರಿ ರಾಡಿನ ತಂಟೆಗೆ ಹೋಗಬೇಡಿ, ಬ್ರೈಟ್ ಬಾರ್ ತನ್ನಿ. ಮಾತಿನಲ್ಲಿ ಹುರುಳಿದೆ. ಬ್ರೈಟ್ ಬಾರ್ ನಯವಾಗಿರುತ್ತದೆ, ಅಳತೆಗೆ ಸರಿಯಾಗಿರುತ್ತದೆ, ಚಕ್ಕಿನಲ್ಲಿ ನೆಟ್ಟಗೆ ಕೂರುತ್ತದೆ. ಆದರೂ ನನ್ನ ಓಟು ಕರಿ ರಾಡಿಗೇ. ಅಗ್ಗ ಎಂಬುದೊಂದೇ ಕಾರಣವಲ್ಲ.

ಉಕ್ಕನ್ನು 1,100–1,200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ರೋಲರುಗಳ ನಡುವೆ ಹಾಯಿಸಿದರೆ ಈ ರಾಡು ಸಿಗುತ್ತದೆ. ಗಾಳಿಯಲ್ಲಿ ಆರುವಾಗ ಅದರ ಮೈಮೇಲೆ ಕಬ್ಬಿಣದ ಆಕ್ಸೈಡಿನ ನೀಲಿಗಪ್ಪು ಪದರ ಕಟ್ಟುತ್ತದೆ. ಅದೇ ಸ್ಕೇಲ್. ನೋಡಲು ಕಾಗದದಷ್ಟು ತೆಳು, ಒಳಗಿನ ಮೆದು ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಹೊಸಬರು ಸೋಲುವುದು ಇಲ್ಲೇ. ಮಷಿನ್ನೂ ಸಣ್ಣದು, ಮೋಟರೂ ಸಣ್ಣದು ಎಂದು ಅಂಜಿ ಕೂದಲೆಳೆಯಷ್ಟು ಕಟ್ ಕೊಡುತ್ತಾರೆ. ಟೂಲಿನ ಮೊನೆ ಸ್ಕೇಲಿನಲ್ಲೇ ಉಜ್ಜುತ್ತಾ ಸಾಗಿ, ನಾಲ್ಕು ಇಂಚು ದಾಟುವಷ್ಟರಲ್ಲಿ ಮೊಂಡಾಗಿರುತ್ತದೆ.

ತೆಂಗಿನಕಾಯಿ ಸುಲಿಯುವವರು ಸಿಪ್ಪೆಯನ್ನು ಮೇಲಿನಿಂದ ಕೆರೆಯುತ್ತಾ ಕೂರುವುದಿಲ್ಲ. ಗೂಟದ ಮೊನೆ ಒಳಕ್ಕಿಳಿಯುವಂತೆ ಒಂದೇಟು ಹಾಕಿ ತಿರುಚುತ್ತಾರೆ. ಲೇತಿನಲ್ಲೂ ಅದೇ ಲೆಕ್ಕ. ಮೊದಲು ರಾಡಿನ ತುದಿಗೆ ಫೇಸಿಂಗ್ ಮಾಡಿ. ಅಂಚಿಗೆ 45 ಡಿಗ್ರಿಯ ಚಾಂಫರ್ ಹೊಡೆಯಿರಿ. ಈಗ ಟೂಲ್ ಒಳಹೋಗುವ ಜಾಗದಲ್ಲಿ ಬಿಳಿ ಉಕ್ಕು ಕಾಣುತ್ತದೆ. ಅಲ್ಲಿಂದ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಆಳದ ಕಟ್ ಕೊಟ್ಟು ಹೊರಡಿ. ಮೊನೆ ಒಳಗಿನ ಮೆದು ಉಕ್ಕಿನಲ್ಲೇ ಓಡುತ್ತದೆ. ಸ್ಕೇಲ್ ಚಿಪ್ಪಿನ ಬೆನ್ನೇರಿ ತಾನಾಗಿ ಕಳಚಿಕೊಳ್ಳುತ್ತದೆ. ಮೋಟರು ಗೊಣಗಿದರೆ ಫೀಡ್ ಇಳಿಸಿ, ಕಟ್ ಇಳಿಸಬೇಡಿ. ಕರಿ ರಾಡು ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಎಲ್ಲೋ ಒಂದು ಕಡೆ ಕಪ್ಪು ಪಟ್ಟೆ ಉಳಿದರೆ ಇನ್ನೊಮ್ಮೆ ಅಷ್ಟೇ ಧೈರ್ಯದಿಂದ ಇಳಿಯಿರಿ. ಉದುರಿದ ಕರಿ ಪುಡಿ ಎಣ್ಣೆಯಲ್ಲಿ ಬೆರೆತರೆ ಬೆಡ್ಡನ್ನೇ ಸವೆಸುತ್ತದೆ. ಕೆಲಸ ಮುಗಿದೊಡನೆ ಒರೆಸಿಬಿಡಿ.

ಟೂಲ್ ಯಾವುದು? 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಜೋಡಿಯ ಟೂಲುಗಳು ಮೊನೆ ಕೆಂಪಗೆ ಕಾದರೂ ಉಕ್ಕನ್ನು ಕಡಿಯುತ್ತಲೇ ಇದ್ದುದನ್ನು ಕಂಡು ಜನ ಬೆರಗಾಗಿದ್ದರು. ಆ ಹೈಸ್ಪೀಡ್ ಸ್ಟೀಲ್ ಸಣ್ಣ ಲೇತಿಗೆ ಇಂದಿಗೂ ಹೇಳಿ ಮಾಡಿಸಿದ್ದು. ಅದನ್ನು ಬ್ಲೇಡಿನಷ್ಟು ಹರಿತ ಮಾಡಬಹುದು. ಹರಿತವಾದಷ್ಟೂ ಮೋಟರಿಗೆ ಹೊರೆ ಕಡಿಮೆ. ವೇಗ ನಿಮಿಷಕ್ಕೆ 25 ಮೀಟರ್ ಇರಲಿ. ಅಂದರೆ 25 ಮಿಲಿಮೀಟರ್ ರಾಡಿಗೆ ಸುಮಾರು 320 ಸುತ್ತು. ಸ್ಕೇಲ್ ತೆಗೆಯುವ ಕಟ್ಟಿಗೆ ಇನ್ನೂ ತುಸು ನಿಧಾನ.

ಸ್ಕೇಲ್ ಹೋದ ಮೇಲೆ ಎದುರಾಗುವುದು ಬೇರೆಯದೇ ರಗಳೆ. ಕಾರ್ಬನ್ ಕಡಿಮೆಯಿರುವ ಈ ಉಕ್ಕು ಜಿಗುಟು. ಅದರ ಚೂರುಗಳು ಟೂಲಿನ ಮೊನೆಗೇ ಬೆಸೆದುಕೊಂಡು, ಆಗಾಗ ಕಿತ್ತು ಬಂದು, ಜಾಬಿನ ಮೈಯನ್ನು ಹರಿದು ಹಾಕುತ್ತವೆ. ಇಲ್ಲಿ ಬೇಕಾದದ್ದು ತಾಳ್ಮೆ. ಟೂಲನ್ನು ಎಣ್ಣೆಗಲ್ಲಿನ ಮೇಲೆ ಮತ್ತೆ ಮಸೆಯಿರಿ, ಮೊನೆಯನ್ನು ಚೂರು ದುಂಡಗಾಗಿಸಿ, ಬ್ರಶ್ಶಿನಿಂದ ಕಟಿಂಗ್ ಆಯಿಲ್ ಹಚ್ಚುತ್ತಾ ಸುತ್ತಿಗೆ 0.05 ಮಿಲಿಮೀಟರ್ ಫೀಡಿನಲ್ಲಿ ಕೊನೆಯ ಕಟ್ ತೆಗೆಯಿರಿ. ಉದ್ದ ಸುರುಳಿಯಾಗಿ ಬರುವ ಚಿಪ್ಪಿಗೆ ಮಾತ್ರ ಕೈ ಹಾಕಬೇಡಿ. ಮಷಿನ್ ನಿಲ್ಲಿಸಿ ಕೊಕ್ಕೆಯಿಂದ ಎಳೆಯಿರಿ. ತಿರುಗುವ ಚಕ್ಕಿನ ಹತ್ತಿರ ಗ್ಲೌಸ್ ಕೂಡದು.

ಇಷ್ಟೆಲ್ಲ ಪಾಡಿಗೆ ಪ್ರತಿಫಲವೇನು? ಬ್ರೈಟ್ ಬಾರನ್ನು ತಣ್ಣಗಿರುವಾಗಲೇ ಡೈಯೊಳಗಿಂದ ಎಳೆದಿರುತ್ತಾರೆ. ಆ ಬಿಗಿ ಅದರ ಮೈಯಲ್ಲೇ ಅಡಗಿರುತ್ತದೆ. ಒಂದು ಮಗ್ಗುಲಲ್ಲಿ ಕೀವೇ ಕೊರೆದಿರೋ, ಶಾಫ್ಟ್ ಬಿಲ್ಲಿನಂತೆ ಬಾಗುತ್ತದೆ. ಕರಿ ರಾಡಿನಲ್ಲಿ ಆ ಬಿಗಿ ಬಹಳ ಕಡಿಮೆ. ಕೊರೆದ ಮೇಲೂ ಹೆಚ್ಚುಕಡಿಮೆ ನೇರವಾಗಿಯೇ ಇರುತ್ತದೆ.

ಹಾಗಾಗಿ ಪಿನ್ನು, ಸ್ಪೇಸರುಗಳಂಥ ಕೆಲಸಕ್ಕೆ ಬ್ರೈಟ್ ಬಾರನ್ನೇ ತನ್ನಿ. ಕೀವೇ ಇರುವ ಶಾಫ್ಟು, ಒಂದೇ ಕಡೆ ಹೆಚ್ಚು ಕಡಿಯಬೇಕಾದ ಜಾಬು ಇದ್ದರೆ ಕರಿ ರಾಡು ಕೇಳಿ. 22 ಮಿಲಿಮೀಟರ್ ಬೇಕಿದ್ದರೆ 25ರದ್ದನ್ನು ಕೊಳ್ಳಿ. ಆ 3 ಮಿಲಿಮೀಟರಿನಲ್ಲಿ ಜಿಪುಣತನ ಮಾಡಿದರೆ ಸ್ಕೇಲಿನ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಅಂಗಡಿಯವರು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ: 25ರ ರಾಡು 3.86 ಕಿಲೋ. ಹಣ ಕೊಡುವ ಮುನ್ನ ರಾಡನ್ನು ನೆಲದ ಮೇಲೆ ಉರುಳಿಸಿ ನೋಡಿ, ಕುಣಿಯುವುದನ್ನು ಬಿಟ್ಟು ಸಲೀಸಾಗಿ ಉರುಳುವುದನ್ನು ಆರಿಸಿಕೊಳ್ಳಿ.