ತೀರ್ಪಿನ ಮಿತಿ, ಧರ್ಮದ ವ್ಯಾಪ್ತಿ

ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಜಿನಮಂದಿರದ ಪ್ರವೇಶವಿವಾದದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1951ರಲ್ಲಿ ನೀಡಿದ ತೀರ್ಪನ್ನು ಜೈನ ಸಮಾಜವು ತನ್ನ ಸ್ವತಂತ್ರ ಅಸ್ತಿತ್ವಕ್ಕೆ ದೊರೆತ ಮನ್ನಣೆಯೆಂದು ಸ್ಮರಿಸುತ್ತದೆ. ಆ ಮನ್ನಣೆ ಅಲ್ಪವಾದುದಲ್ಲ. ಆದರೆ ತೀರ್ಪಿನ ತರ್ಕ ಕಿರಿದು.

1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯು ಇತರ ಹಿಂದೂಗಳಿಗಿದ್ದ ಹಕ್ಕನ್ನೇ ಹರಿಜನರಿಗೆ ವಿಸ್ತರಿಸಿತ್ತು. ಜಿನಮಂದಿರದಲ್ಲಿ ಹಿಂದೂಗಳಿಗೆ ಕಾನೂನಿನಿಂದಾಗಲಿ ರೂಢಿಯಿಂದಾಗಲಿ ಬಂದ ಹಕ್ಕಿಲ್ಲದಿದ್ದರೆ ಹರಿಜನರಿಗೂ ಅದು ಇಲ್ಲ ಎಂಬುದಷ್ಟೇ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರ ಪೀಠದ ನಿರ್ಣಯ. ಬಾಗಿಲು ಮುಚ್ಚುವುದೇ ಧರ್ಮವೆಂದು ಪೀಠವು ಹೇಳಲಿಲ್ಲ. ಎರಡು ಮತಗಳ ಹಕ್ಕುಗಳನ್ನು ತೂಗಿದ ಆ ತಕ್ಕಡಿಯಲ್ಲಿ ಬಾಗಿಲ ಮುಂದೆ ನಿಂತವನ ಮಾನದ ಪ್ರಶ್ನೆ ತೀರ್ಮಾನವಾಗದೆ ಉಳಿಯಿತು. ಇದೇ ತೀರ್ಪಿನ ಕೊರತೆ.

ಶಾಸನ ಅಲ್ಲಿಗೆ ನಿಲ್ಲಲಿಲ್ಲ. ಅಸ್ಪೃಶ್ಯತೆಯ ಕಾರಣದಿಂದ ಸಾರ್ವಜನಿಕ ಪೂಜಾಸ್ಥಳದ ಪ್ರವೇಶ ತಡೆಯುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಶಿಕ್ಷಾರ್ಹಗೊಳಿಸಿ, ಆ ಉದ್ದೇಶಕ್ಕಾಗಿ ಜೈನರನ್ನೂ ಹಿಂದೂಗಳೊಡನೆ ಎಣಿಸಿತು.

ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಎಡೆಯುಂಟೆಂದು ಸಾರುವ ಧರ್ಮವು ಮನುಷ್ಯನನ್ನು ಹುಟ್ಟಿನಿಂದ ಅಳೆಯಲಾಗದು. ಮಂದಿರದ ಶುಚಿತ್ವ, ಪೂಜಾವಿಧಿಗಳ ನಿಯಮಗಳು ಎಲ್ಲರಿಗೂ ಒಂದೇ ಆಗಿರಲಿ. ನ್ಯಾಯಾಲಯವು ಕೊಟ್ಟ ಪ್ರತ್ಯೇಕತೆಯ ಮನ್ನಣೆಯನ್ನು ಬಾಗಿಲ ಬೀಗವಾಗಿಸುವುದು ವಿಶ್ವಸ್ತ ಮಂಡಳಿಗಳಿಗೆ ತಕ್ಕುದಲ್ಲ.