ಸಿಲ್ಫ್ರಾದ ಮೇರೆಗಳು

ಕ್ರಿ. ಶ. 930ರಲ್ಲಿ ಐಸ್‌ಲೆಂಡಿನ ಜನರು ಬಯಲಿನಲ್ಲಿಯೇ ಸಭೆ ನೆರೆದು ತಮಗೆ ಬೇಕಾದ ಶಾಸನಗಳನ್ನು ತಾವೇ ರಚಿಸಿಕೊಳ್ಳತೊಡಗಿದ ಸ್ಥಳ ಥಿಂಗ್ವೆಲ್ಲಿರ್. ಅಲ್ಲಿಯ ನ್ಯಾಯಶಿಲೆಯಲ್ಲಿ ನಿಂತು ಶಾಸನವಕ್ತನು ವರ್ಷಕ್ಕೆ ಮೂರನೆಯ ಒಂದು ಪಾಲಿನಂತೆ ದೇಶದ ಕಟ್ಟಳೆಗಳನ್ನೆಲ್ಲ ನೆನಪಿನಿಂದಲೇ ಒಪ್ಪಿಸುತ್ತಿದ್ದನು. 1928ರ ಶಾಸನದಿಂದ ರಕ್ಷಿತವಾಗಿ, 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ನೆಲದ ಸರೋವರಕ್ಕೂ ಅದರ ಜಲಾನಯನಕ್ಕೂ 2005ರಲ್ಲಿ ಪ್ರತ್ಯೇಕವಾದೊಂದು ರಕ್ಷಣಾಶಾಸನ ದೊರೆಯಿತು. ಕಟ್ಟಳೆಗೆ ಇಷ್ಟು ಗೌರವ ಸಂದ ಸ್ಥಳದಲ್ಲಿ, ವಿನೋದಾರ್ಥವಾಗಿ ಸ್ಕೂಬಾ ತೊಟ್ಟು ನೀರಿಗಿಳಿಯತಕ್ಕವರಿಗೆ ವಿಧಿಸಿರುವ ಕಟ್ಟಳೆಗಳು ಯಾರ ಹಿತವನ್ನು ಎಷ್ಟರಮಟ್ಟಿಗೆ ಕಾಯುತ್ತವೆ ಎಂಬುದು ಸಾವಧಾನದಿಂದ ಪರಾಮರ್ಶಿಸತಕ್ಕ ವಿಷಯ.

ಸುಮಾರು 84 ಚದರ ಕಿಲೋಮೀಟರು ಹರವೂ 114 ಮೀಟರು ಆಳವೂ ಉಳ್ಳ ಥಿಂಗ್ವಲ್ಲವಾತ್ನ್ ಸರೋವರಕ್ಕೆ ನೀರೂಡುವುದು ಬಹುಮಟ್ಟಿಗೆ ನದಿಗಳಲ್ಲ, ನೆಲದೊಳಗಣ ಒರತೆಗಳು. ಲಾಂಗ್‌ಯೋಕುಲ್ ಹಿಮನದಿಯಿಂದ ಕರಗಿದ ನೀರು, ಸುಮಾರು 50 ಕಿಲೋಮೀಟರು ದೂರ ಲಾವಾಶಿಲೆಯ ಸೂಕ್ಷ್ಮರಂಧ್ರಗಳಲ್ಲಿ ಸೋಸಿಕೊಳ್ಳುತ್ತ, ದಶಕಗಳ ಕಾಲ ಕತ್ತಲೆಯಲ್ಲಿಯೇ ಸಂಚರಿಸಿ, ಸಿಲ್ಫ್ರಾ ಎಂಬ ಬಿರುಕಿನಲ್ಲಿ ಹೊರಹೊಮ್ಮುವಾಗ, 2ರಿಂದ 4 ಡಿಗ್ರಿ ಸೆಲ್ಸಿಯಸ್ಸಿನ ಶೈತ್ಯವನ್ನೂ 100 ಮೀಟರು ದೂರದ ಕಲ್ಲನ್ನು ಕಾಣಿಸಬಲ್ಲ ನೈರ್ಮಲ್ಯವನ್ನೂ ತಳೆದಿರುತ್ತದೆ. ಒಂದೇ ಜಾತಿಯ ಆರ್ಕ್ಟಿಕ್ ಚಾರ್ ಮೀನು, ಹಿಮಯುಗ ಕಳೆದ ಸುಮಾರು 10,000 ವರ್ಷಗಳಲ್ಲಿ, ಆಹಾರಕ್ಕೂ ನೆಲೆಗೂ ಅನುಗುಣವಾಗಿ ನಾಲ್ಕು ರೂಪಗಳನ್ನು ತಾಳಿರುವುದು ಈ ಸರೋವರದಲ್ಲಿಯೇ. 2004ರಲ್ಲಿ ವಿಜ್ಞಾನಿಗಳು ಕ್ರಿಮೋಸ್ಟಿಜಿಯಸ್ ಥಿಂಗ್ವಲ್ಲೆನ್ಸಿಸ್ ಎಂದು ಹೆಸರಿಟ್ಟ ಕಣ್ಣಿಲ್ಲದ ಕಿರುಜೀವಿಯ ಮನೆಯೂ ಇಲ್ಲಿಯ ಅಂತರ್ಜಲವೇ.

ಇಂಥ ನೀರಿನಲ್ಲಿ ಮುಳುಗಲು ಅನುಮತಿಯಿರುವುದು ಸಿಲ್ಫ್ರಾ, ದಾವಿದ್ಸ್‌ಗ್ಯೌ ಎಂಬ ಎರಡು ಬಿರುಕುಗಳಲ್ಲಿ ಮಾತ್ರ. ನಿಯಮಾವಳಿಯ ಅತ್ಯುತ್ತಮ ಅಂಶ ಇದೇ ಎಂದು ನಾನು ಭಾವಿಸುತ್ತೇನೆ. ಏಕೆಂದರೆ ಎಲ್ಲೆಲ್ಲಿಯೂ ಸ್ವಲ್ಪಸ್ವಲ್ಪವಾಗಿ ಹಾನಿಯಾಗುವುದಕ್ಕಿಂತ, ಒಂದೆರಡು ದ್ವಾರಗಳನ್ನು ತೆರೆದು ಉಳಿದುದನ್ನು ನಿಶ್ಶಬ್ದಕ್ಕೆ ಬಿಟ್ಟುಕೊಡುವುದು ವಿವೇಕ. ಇಳಿಯುವಲ್ಲಿಯೂ ಏರುವಲ್ಲಿಯೂ ಲೋಹದ ಮೆಟ್ಟಿಲುಗಳನ್ನು ನಿರ್ಮಿಸಿರುವುದರಿಂದ ದಡದ ಹಾವಸೆಗೆ ಕಾಲ್ತುಳಿತದ ಪೀಡೆ ತಗ್ಗಿದೆ. ಮೈಗೆ ನೀರು ಸೋಂಕದ ಡ್ರೈಸೂಟನ್ನು ಧರಿಸಿ ಮುಳುಗಿದ ಅನುಭವವಿರಬೇಕು, ಒಂಟಿಯಾಗಿ ಇಳಿಯಕೂಡದು, 18 ಮೀಟರಿಗಿಂತ ಆಳಕ್ಕೆ ಹೋಗಕೂಡದು, ಗುಹೆಗಳನ್ನು ಹೊಗಕೂಡದು ಎಂಬಿವೇ ಮೊದಲಾದ ವಿಧಿಗಳೂ ಉಚಿತವಾದುವೇ. ಇಲ್ಲಿ ಪ್ರಾಣಗಳು ಹೋಗಿವೆ. 2017ರಲ್ಲಿ ಒಂದು ಸಾವಿನ ಅನಂತರ ಬಿರುಕನ್ನು ಕೆಲಕಾಲ ಮುಚ್ಚಿ, ನಿಯಮಗಳನ್ನು ಬಿಗಿಗೊಳಿಸಿಯೇ ಮತ್ತೆ ತೆರೆದರು. ಆ ಬಿಗಿಯನ್ನು ಕಠೋರವೆಂದು ದೂರುವವರ ವಾದ ನನಗೆ ಒಪ್ಪಿಗೆಯಾಗದು.

ಆದರೆ ಈ ವಿಧಿಗಳನ್ನು ಒಟ್ಟಾಗಿ ಓದಿದಾಗ ಒಂದು ಕೊರತೆ ಮನಸ್ಸನ್ನು ಕಾಡುತ್ತದೆ. ಆಳ, ಉಡುಪು, ಅನುಭವ, ಮಾರ್ಗದರ್ಶಿಯ ಸಾನ್ನಿಧ್ಯ, ಇವುಗಳಲ್ಲಿ ಪ್ರತಿಯೊಂದೂ ಮುಖ್ಯವಾಗಿ ಮನುಷ್ಯನಿಗೆ ನೀರಿನಿಂದ ಒದಗಬಹುದಾದ ಅಪಾಯಕ್ಕೆ ಉತ್ತರವೇ ಹೊರತು, ನೀರಿಗೆ ಮನುಷ್ಯನಿಂದ ಒದಗಬಹುದಾದ ಅಪಾಯಕ್ಕಲ್ಲ. 18 ಮೀಟರಿನ ಮೇರೆ ಮುಳುಗುವವನ ಪ್ರಾಣವನ್ನು ಕಾಯುತ್ತದೆ, ನಿಜ. ಸಿಲ್ಫ್ರಾದ ಪಾಚಿಗೆ ಹಾನಿ ತಗಲುವುದಾದರೋ ಆಳದಲ್ಲಲ್ಲ, ಅನನುಭವಿಯ ಕಾಲಿನ ಈಜುರೆಕ್ಕೆ ತಳಕ್ಕೆ ತಾಕಿ ಮಡ್ಡಿಯನ್ನು ಕದಡುವ ತೆಳುನೀರಿನಲ್ಲಿ. ಅನ್ಯದೇಶದ ಕೆರೆಯಲ್ಲಿ ನೆನೆದ ಉಡುಪಿನ ಮಡಿಕೆಯಲ್ಲಿ ಅಡಗಿ ಬರಬಹುದಾದ ಪರಕೀಯ ಜೀವಕಣಗಳ ಚಿಂತೆಗೆ ನಿಯಮಗಳ ಮೊದಲ ಪಂಕ್ತಿಯಲ್ಲಿಯೇ ಸ್ಥಾನ ಸಲ್ಲತಕ್ಕದ್ದು. ಎರಡು ಭೂಖಂಡಗಳನ್ನು ಎರಡು ಕೈಗಳಿಂದ ಮುಟ್ಟಬಹುದೆಂಬ ಪ್ರಚಾರವೂ ಅಹಿತಕರವೇ: ಉತ್ತರ ಅಮೆರಿಕದ ಫಲಕವೂ ಯುರೇಷಿಯದ ಫಲಕವೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಅಗಲುತ್ತಿರುವ ಈ ಸೀಳುಕಣಿವೆಯ ಅಗಲ ಹಲವು ಕಿಲೋಮೀಟರು, ಸಿಲ್ಫ್ರಾ ಅದರೊಳಗಣ ಅನೇಕ ಬಿರುಕುಗಳಲ್ಲಿ ಒಂದು. ಸುಳ್ಳು ಹೇಳಿ ಕರೆತಂದ ಕೈಗಳು ಬಂಡೆಯನ್ನು ಮುಟ್ಟದೆ ಬಿಡುವುವೆ?

ಹಾಗೆಂದು ಸಿಲ್ಫ್ರಾವನ್ನು ಮುಚ್ಚಿಬಿಡಬೇಕೆಂದು ನಾನು ಹೇಳುವುದಿಲ್ಲ. ನೀರಿನ ಈ ನೈರ್ಮಲ್ಯವನ್ನು ಒಮ್ಮೆ ಕಣ್ಣಾರೆ ಕಂಡವನು ಅದರ ಪಕ್ಷಪಾತಿಯಾಗುವ ಸಂಭವವೇ ಹೆಚ್ಚು. ನನ್ನ ಅಪೇಕ್ಷೆ ಇಷ್ಟೆ: ಎರಡು ಬಿರುಕುಗಳನ್ನು ತೆರೆದು ನೆರೆಯವನ್ನು ಮುಚ್ಚಿಟ್ಟಿರುವ ಕಟ್ಟಳೆಯೇ ತನ್ನ ಪರೀಕ್ಷೆಗೆ ಬೇಕಾದ ಸಾಧನವನ್ನೂ ಒದಗಿಸಿದೆ. ಯಾರೂ ಇಳಿಯದ ಬಿರುಕಿನ ಕಲ್ಲುಗಳ ಮೇಲೆ ಪಾಚಿ ಹೇಗಿದೆ, ಎಲ್ಲರೂ ಇಳಿಯುವ ಬಿರುಕಿನಲ್ಲಿ ಹೇಗಿದೆ ಎಂಬ ಹೋಲಿಕೆ ವರ್ಷವರ್ಷವೂ ನಡೆದು, ಮುಂದಿನ ವರ್ಷ ಎಷ್ಟು ಜನ ಇಳಿಯಬಹುದೆಂಬುದನ್ನು ಬೇಡಿಕೆಯಲ್ಲ, ಆ ಹೋಲಿಕೆಯ ಫಲವೇ ನಿರ್ಣಯಿಸುವಂತಾಗಬೇಕು. ತೆರೆದ ಬಿರುಕಿಗೆ ಮುಚ್ಚಿದ ಬಿರುಕೇ ಒರೆಗಲ್ಲು.