ಬಸುರಿಯ ದಿಗಿಲು: ನಮ್ಮ ಕಥೆಗಳು ಕೇಳಿಸಿಕೊಂಡದ್ದೆಷ್ಟು?

ಮದುವೆಯಾಗಿ ಆರು ತಿಂಗಳು ಕಳೆಯುವುದರೊಳಗೆ ನಮ್ಮ ಸಮಾಜದ ಹೆಣ್ಣುಮಗಳು ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ‘ಏನಾದರೂ ವಿಶೇಷ ಉಂಟಾ?’ ಕೇಳುವವರಿಗೆ ಅದು ಕುಶಲ ವಿಚಾರಣೆ. ಪ್ರತಿ ತಿಂಗಳೂ ದಿನ ಎಣಿಸುತ್ತಾ, ಮುಟ್ಟಾದ ದಿನ ಬಚ್ಚಲುಮನೆಯಲ್ಲಿ ಅತ್ತು ಮುಖ ತೊಳೆದುಕೊಂಡು ಬರುವವಳಿಗೆ ಅದು ಮತ್ತೊಮ್ಮೆ ನಪಾಸಾದೆಯಾ ಎಂದು ಕೇಳಿದ ಹಾಗೆ. ಬಸುರಿಯಾದಳೆಂದರೆ ಪ್ರಶ್ನೆ ನಿಂತು ಉಪದೇಶ ಶುರುವಾಗುತ್ತದೆ. ಪಪ್ಪಾಯಿ ತಿನ್ನಬೇಡ, ಭಾರ ಎತ್ತಬೇಡ, ಮುಸ್ಸಂಜೆಯಲ್ಲಿ ಒಬ್ಬಳೇ ಹೊರಗೆ ಹೋಗಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಚಿಂತೆ ಮಾಡಬೇಡ. ಅವಳು ತಿಂದದ್ದನ್ನು, ಮಲಗಿದ್ದನ್ನು ವಿಚಾರಿಸುವ ಹತ್ತು ಮಂದಿ ಮನೆಯಲ್ಲಿರುತ್ತಾರೆ. ‘ನಿನಗೆ ಹೆದರಿಕೆಯಾಗುತ್ತಿದೆಯೇ?’ ಎಂದು ಕೇಳುವವರು ಮಾತ್ರ ಅಪರೂಪ.

ಮನೆಯಲ್ಲಿ ಯಾರೂ ಕೇಳದ್ದನ್ನು ಸಾಹಿತ್ಯವಾದರೂ ಕೇಳಬೇಕು ಎಂಬುದು ನಮ್ಮ ನಿರೀಕ್ಷೆ. ಬಂಜೆತನ, ಗರ್ಭಪಾತ, ಹೆರಿಗೆ ಇವೆಲ್ಲ ನಮ್ಮ ಕಥೆ-ಕಾದಂಬರಿಗಳಿಗೆ ಹೊಸ ವಸ್ತುಗಳಲ್ಲ. ಗರತಿಯ ಹಾಡುಗಳಿಂದ ಹಿಡಿದು ಇಂದಿನ ಟಿ.ವಿ. ಧಾರಾವಾಹಿಗಳವರೆಗೆ ಬಸಿರು ಕಥೆಯ ತಿರುವಾಗಿ ಬರುತ್ತಲೇ ಇದೆ. ಆದರೆ ಕಾಯುವ ಹೆಣ್ಣಿನ, ಹೊತ್ತ ಹೆಣ್ಣಿನ ಒಳಗಿನ ಆತಂಕವನ್ನು ಈ ಕೃತಿಗಳು ಹೇಗೆ ಓದಿವೆ? ಅವಳಿಗೆ ಆಸರೆಯಾಗುವಂತೆ ಓದಿವೆಯೇ, ಅವಳ ಮೇಲಿನ ಹೊರೆಯನ್ನು ಹೆಚ್ಚಿಸುವಂತೆ ಓದಿವೆಯೇ? ಬಹುಪರಿಚಿತವಾದ ಕೆಲವು ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದೆಂದು ನಮಗೆ ಅನ್ನಿಸುತ್ತದೆ.

ಪಾಪದ ಫಲವೆಂಬ ಓದು

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಪ್ರಕಟವಾಯಿತು. ಮುಂದೆ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ವಿಧವೆ ಸೊಸೆ ಕಾತ್ಯಾಯನಿ ಮೈಸೂರಿನಲ್ಲಿ ಕಾಲೇಜು ಓದಲು ಹೋಗುತ್ತಾಳೆ, ರಾಜನನ್ನು ಪ್ರೀತಿಸಿ ಮರುಮದುವೆಯಾಗುತ್ತಾಳೆ, ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ಬರುತ್ತಾಳೆ. ಆ ಬಳಿಕ ಅವಳ ಗರ್ಭ ನಿಲ್ಲುವುದಿಲ್ಲ. ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಹೆತ್ತ ಮಗನನ್ನು ಬಿಟ್ಟು ಬಂದುದರ ಶಿಕ್ಷೆ ಇದಾಗಿರಬಹುದೇ ಎಂಬ ಸಂಶಯ ಅವಳನ್ನು ತಿನ್ನತೊಡಗುತ್ತದೆ.

ಗರ್ಭ ಕಳೆದುಕೊಂಡ ಹೆಣ್ಣಿನ ಮನಸ್ಸನ್ನು ಇಷ್ಟು ಹತ್ತಿರದಿಂದ ಕಂಡ ಕಾದಂಬರಿಗಳು ಕನ್ನಡದಲ್ಲಿ ಹೆಚ್ಚಿಲ್ಲ. ಈ ಮೆಚ್ಚುಗೆಯನ್ನು ಸಲ್ಲಿಸಿಯೇ ನಾವು ಆಕ್ಷೇಪ ಎತ್ತಬೇಕಾಗಿದೆ. ಪಾಪಪ್ರಜ್ಞೆ ಪಾತ್ರದ ಭಾವನೆಯೇ ಹೊರತು ಲೇಖಕರ ತೀರ್ಪಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಕಾದಂಬರಿಯ ಘಟನೆಗಳ ಸಾಲು ಓದುಗರನ್ನು ಆ ತೀರ್ಪಿನ ಕಡೆಗೇ ಒಯ್ಯುತ್ತದೆ. ವಂಶವನ್ನು ತೊರೆದವಳ ಒಡಲಲ್ಲಿ ಹೊಸ ವಂಶ ಚಿಗುರುವುದಿಲ್ಲ, ಆರೋಗ್ಯ ಕುಸಿಯುತ್ತದೆ, ಕೊನೆಗೆ ಸಾವು. ದುಃಖಕ್ಕೆ ಒಂದು ಕಾರಣ ಬೇಕು. ಕಾದಂಬರಿ ಒದಗಿಸುವ ಕಾರಣ ಅವಳ ನಡತೆ.

ವೈದ್ಯವಿಜ್ಞಾನ ಹೇಳುವುದು ಬೇರೆ. ಮೊದಲ ಮೂರು ತಿಂಗಳೊಳಗೆ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ಏರುಪೇರು. ತಾಯಿಯ ಪಶ್ಚಾತ್ತಾಪಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಗರ್ಭ ಕಳೆದುಕೊಂಡ ಎಷ್ಟೋ ಮಂದಿ ಇಂದಿಗೂ ಮಾಡುವ ಮೊದಲ ಕೆಲಸ ತನ್ನ ತಪ್ಪನ್ನು ಹುಡುಕುವುದು. ಅಂದು ಮೆಟ್ಟಿಲು ಹತ್ತಬಾರದಿತ್ತು, ಆ ಮಾತು ಆಡಬಾರದಿತ್ತು, ಅಷ್ಟು ಅಳಬಾರದಿತ್ತು ಎಂದು. ಕಾತ್ಯಾಯನಿಯ ಕಥೆಯನ್ನು ಎಂದೂ ಓದದ ಹೆಣ್ಣಿನ ಮನಸ್ಸಿನಲ್ಲೂ ಕಾತ್ಯಾಯನಿ ಕುಳಿತಿದ್ದಾಳೆ. ಮುಂದಿನ ಸಲ ಗರ್ಭಿಣಿಯಾದಾಗ ಒಂಬತ್ತು ತಿಂಗಳೂ ಅವಳನ್ನು ಕಾಡುವುದು ಈ ವಿಚಾರಣೆಯೇ.

ಹನ್ನೆರಡು ವರ್ಷಗಳ ಕಾಯುವಿಕೆ

ಕಾದಂಬರಿಯೊಂದು ಈ ವಿಚಾರಣೆಯನ್ನು ಹೆಣ್ಣಿನ ಮೇಲಿನಿಂದ ಎತ್ತಿ ಊರಿನ ಮೇಲೆಯೇ ಹೊರಿಸಿದ್ದುಂಟು. ಪೆರುಮಾಳ್ ಮುರುಗನ್ 2010ರಲ್ಲಿ ತಮಿಳಿನಲ್ಲಿ ಬರೆದ ‘ಮಾದೊರುಬಾಗನ್’ ತಿರುಚೆಂಗೋಡು ಪರಿಸರದ ರೈತ ದಂಪತಿ ಕಾಳಿ ಮತ್ತು ಪೊನ್ನರ ಕಥೆ. ಮದುವೆಯಾಗಿ ಹನ್ನೆರಡು ವರ್ಷಗಳಾದರೂ ಮಕ್ಕಳಿಲ್ಲ. ಹೊಲವಿದೆ, ದನಗಳಿವೆ, ಪರಸ್ಪರ ಬಹಳ ಪ್ರೀತಿಯಿದೆ. ಆದರೆ ಊರಿನ ಕಣ್ಣಿಗೆ ಇದಾವುದೂ ಕಾಣುವುದಿಲ್ಲ. ಹರಕೆ, ಪೂಜೆ, ಕಷಾಯ ಯಾವುದನ್ನೂ ಅವರು ಬಿಟ್ಟಿಲ್ಲ. ಶುಭಕಾರ್ಯಗಳಲ್ಲಿ ಪೊನ್ನಳನ್ನು ಹಿಂದೆ ಸರಿಸುತ್ತಾರೆ. ಕಾಳಿಯ ಗಂಡಸುತನವನ್ನು ಹೀಯಾಳಿಸುತ್ತಾರೆ, ಎರಡನೇ ಮದುವೆಯ ಸಲಹೆ ಕೊಡುತ್ತಾರೆ.

ಈ ಕಾದಂಬರಿಯ ಹೆಚ್ಚುಗಾರಿಕೆ ಎರಡು. ಮೊದಲನೆಯದು, ಗಂಡಸಿಗೂ ದಿಗಿಲಿದೆ ಎಂದು ತೋರಿಸಿದ್ದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಕಾರಣದಲ್ಲಿ ಪಾಲು ಪಡೆದಿರುತ್ತದೆ. ಆದರೂ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದವಳು ಹೆಂಡತಿ. ಗಂಡಸು ಪರೀಕ್ಷೆಗೆ ಒಪ್ಪುವುದಕ್ಕೇ ವರ್ಷಗಳು ಬೇಕಾಗುತ್ತವೆ. ಎರಡನೆಯದು, ಪ್ರೀತಿ ಇದ್ದ ಮಾತ್ರಕ್ಕೆ ಮಾತು ಇರುತ್ತದೆಂದು ಹೇಳಲಾಗದು ಎಂಬ ಕಟುಸತ್ಯ. ರಥೋತ್ಸವದ ರಾತ್ರಿ ಅಪರಿಚಿತನಿಂದ ಗರ್ಭ ಪಡೆಯಬಹುದೆಂಬ ಆಚಾರಕ್ಕೆ ಪೊನ್ನಳನ್ನು ಕಳುಹಿಸುವಾಗ ಆಕೆ ಗಂಡನ ಒಪ್ಪಿಗೆಯಿದೆ ಎಂದು ನಂಬಿರುತ್ತಾಳೆ. ಅವನು ಒಪ್ಪಿರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಭಯವನ್ನು ಇನ್ನೊಬ್ಬರಿಂದ ಬಚ್ಚಿಟ್ಟದ್ದರ ಪರಿಣಾಮ ಅದು.

ವಿಪರ್ಯಾಸವೆಂದರೆ, ಈ ಕಾದಂಬರಿಯ ಬಗ್ಗೆ ದೇಶ ಮಾತಾಡಿದ್ದು ಬೇರೆಯದೇ ಕಾರಣಕ್ಕೆ. ಜಾತಿಯ, ಊರಿನ ಮಾನ ಹೋಯಿತೆಂದು ಎದ್ದ ವಿರೋಧಕ್ಕೆ ಮಣಿದು 2015ರ ಜನವರಿಯಲ್ಲಿ ಮುರುಗನ್ ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿದರು. 2016ರಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಚರ್ಚೆಯಾಯಿತು, ಆಗಬೇಕಾದದ್ದೇ. ಆದರೆ ಮಕ್ಕಳಿಲ್ಲದ ದಂಪತಿಯನ್ನು ನಾವು ದಿನವೂ ಹೇಗೆ ಇರಿಯುತ್ತೇವೆ ಎಂಬ ಕಾದಂಬರಿಯ ಮೂಲಪ್ರಶ್ನೆ ಆ ಗದ್ದಲದಲ್ಲಿ ಬದಿಗೆ ಸರಿಯಿತು.

ಮಡಿಲಿನ ಮಗು, ಆರುವ ಹಣತೆ

ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದಾಗ ನಾವು ಈ ದಿಗಿಲಿನ ಇನ್ನೊಂದು ಮಗ್ಗುಲಿಗೆ ಬರುತ್ತೇವೆ. ಇಲ್ಲಿ ಹೆಣ್ಣಿನ ಭಯ ಮಕ್ಕಳಾಗದ್ದರಿಂದ ಬಂದದ್ದಲ್ಲ, ಬಿಡುವಿಲ್ಲದೆ ಆಗುವುದರಿಂದ ಬಂದದ್ದು. ಹೆಣ್ಣೇ ಆಗುವುದರಿಂದ ಬಂದದ್ದು. ‘ಕರಿನಾಗರಗಳು’ ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಣ್ಣು ನ್ಯಾಯಕ್ಕಾಗಿ ಮಸೀದಿಯ ಮುಂದೆ ಬಂದು ನಿಲ್ಲುತ್ತಾಳೆ. ಇದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕಥೆಯ ಕೊನೆಯಲ್ಲಿ ಮುತವಲ್ಲಿಯ ಹೆಂಡತಿ ಇನ್ನು ಹೆರಲಾರೆನೆಂದು ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಮತ್ತೊಬ್ಬಳ ಸಂಕಟವನ್ನು ಕಂಡು ಹುಟ್ಟಿದ ಧೈರ್ಯ ಅದು. ಹೆಣ್ಣಿನ ದಿಗಿಲು ಮೊದಲ ಬಾರಿಗೆ ನಿರ್ಧಾರವಾಗಿ ಬದಲಾಗುವುದನ್ನು ನಾವಿಲ್ಲಿ ಕಾಣುತ್ತೇವೆ.

‘ಎದೆಯ ಹಣತೆ’ ಇನ್ನೂ ಕಠಿಣವಾದ ಕಥೆ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅದರ ಹೆಸರೂ ಇದೇ ಕಥೆಯಿಂದ ಬಂದದ್ದು. ಗಂಡ ಇನ್ನೊಬ್ಬಳ ಕಡೆ ಹೋದಾಗ ಮೆಹರುನ್ ಹಸುಗೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಮಾನದ ಮಾತಾಡಿ ಅವಳನ್ನು ಹಿಂದಕ್ಕೆ ಬಿಟ್ಟು ಬರುತ್ತಾರೆ. ಅಂದು ರಾತ್ರಿ ಅವಳು ಸಾಯಲು ಹೊರಡುತ್ತಾಳೆ. ತಡೆಯುವವಳು ದೊಡ್ಡ ಮಗಳು, ತೋಳಲ್ಲಿ ಮಗುವನ್ನೆತ್ತಿಕೊಂಡು ಬಂದವಳು. ತಾವು 29ನೇ ವಯಸ್ಸಿನಲ್ಲಿ ಹೆರಿಗೆಯ ನಂತರದ ಖಿನ್ನತೆಯನ್ನು ಅನುಭವಿಸಿದ್ದಾಗಿ ಬಾನು ಮುಷ್ತಾಕ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಥೆಗೆ ಆ ಬಿಸಿ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ವಿಮರ್ಶಕರು ಈ ಕಥೆಗಳನ್ನು ಹೆಚ್ಚಾಗಿ ಗಂಡಾಳ್ವಿಕೆಯ ವಿರುದ್ಧದ ದನಿಯೆಂದು ಓದಿದ್ದಾರೆ. ತಪ್ಪಲ್ಲ. ಆದರೆ ಆ ಓದಿನಲ್ಲಿ ಒಂದು ಸಂಗತಿ ಕಳೆದುಹೋಗುತ್ತದೆ. ಬಾಣಂತಿಯೊಬ್ಬಳ ಕತ್ತಲೆಗೆ ಗಂಡನ ದ್ರೋಹ ಮಾತ್ರವೇ ಕಾರಣವಾಗಿರಬೇಕೆಂದಿಲ್ಲ. ಒಳ್ಳೆಯ ಗಂಡ, ತುಂಬಿದ ಮನೆ ಇದ್ದವಳಿಗೂ ಅದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರಲ್ಲಿ ಶೇ. 15.6, ಹೆತ್ತವರಲ್ಲಿ ಶೇ. 19.8 ಮಂದಿ ಮಾನಸಿಕ ಕಾಯಿಲೆ ಅನುಭವಿಸುತ್ತಾರೆ. ಐದಾರು ಮಂದಿಯಲ್ಲಿ ಒಬ್ಬಳು. ಇಷ್ಟು ಸಾಮಾನ್ಯವಾದದ್ದಕ್ಕೆ ನಮ್ಮ ಬಳಿ ಇರುವ ಹಳೆಯ ಹೆಸರು ‘ಬಾಣಂತಿ ಸನ್ನಿ’ ಒಂದೇ; ಅದೂ ತೀರಾ ವಿಪರೀತಕ್ಕೆ ಹೋದ ಸ್ಥಿತಿಗೆ. ಅದಕ್ಕಿಂತ ಮೊದಲಿನ ಕಳವಳಕ್ಕೆ, ನಿದ್ದೆಗೆಟ್ಟ ರಾತ್ರಿಗಳಿಗೆ, ಮಗು ಅಲುಗಿತೇ ಎಂದು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುವ ಗಾಬರಿಗೆ ಹೆಸರೇ ಇಲ್ಲ. ಇನ್ನೊಂದು ಮಾತು: ಮೆಹರುನ್ ಉಳಿದದ್ದು ಒಬ್ಬಳಾದರೂ ಅವಳನ್ನು ಕಂಡದ್ದರಿಂದ. ಆದರೆ ಆ ಭಾರವನ್ನು ಹೊರಬೇಕಾದವಳು ಹುಡುಗಿಯೇ? ದೊಡ್ಡವರೆಲ್ಲ ಎಲ್ಲಿದ್ದರು?

ಸಮಾಧಾನದ ಮಾತಿನೊಳಗಿನ ಮುಳ್ಳು

ದೊಡ್ಡವರು ಸಾಮಾನ್ಯವಾಗಿ ಸಮಾಧಾನ ಹೇಳುತ್ತಿರುತ್ತಾರೆ. ‘ಟೆನ್ಷನ್ ಮಾಡಿಕೊಳ್ಳಬೇಡ, ಟೆನ್ಷನ್ ಮಾಡಿದರೆ ನಿಲ್ಲುವುದಿಲ್ಲ’ ಎಂಬುದು ಮಕ್ಕಳಿಗಾಗಿ ಚಿಕಿತ್ಸೆ ಪಡೆಯುವವರು ದಿನವೂ ಕೇಳುವ ಮಾತು. ಇದು ಸಮಾಧಾನವಲ್ಲ, ಆರೋಪ. ಚಿಕಿತ್ಸೆ ವಿಫಲವಾದರೆ ತಪ್ಪು ಅವಳ ಮನಸ್ಸಿನದೆಂದು ಮೊದಲೇ ಬರೆದಿಟ್ಟ ಹಾಗೆ. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ವಿಶ್ಲೇಷಣೆಯೊಂದು 14 ಅಧ್ಯಯನಗಳನ್ನು, 3,583 ಮಹಿಳೆಯರ ವಿವರಗಳನ್ನು ಒಟ್ಟಿಗೆ ನೋಡಿತು. ಪ್ರನಾಳ ಶಿಶು ಮುಂತಾದ ಚಿಕಿತ್ಸೆಗೆ ಮುಂಚಿನ ಮಾನಸಿಕ ಒತ್ತಡಕ್ಕೂ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಆತಂಕವನ್ನು ಕಡಿಮೆ ಮಾಡಬೇಕಾದದ್ದು ಅದು ಅವಳನ್ನು ನೋಯಿಸುತ್ತಿದೆ ಎಂಬ ಕಾರಣಕ್ಕೆ. ಅಷ್ಟೇ ಕಾರಣ ಸಾಕು.

‘ಸಬರ್ ಮಾಡು’ ಎಂಬ ಮಾತೂ ನಮ್ಮ ಮನೆಗಳಲ್ಲಿ ಹೀಗೆಯೇ ಬಳಕೆಯಾಗುತ್ತದೆ. ಪ್ರಾರ್ಥನೆಯಿಂದ ಎಷ್ಟೋ ಮಂದಿಗೆ ನೆಮ್ಮದಿ ಸಿಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೆಣ್ಣಿನ ಬಾಯಿ ಮುಚ್ಚಿಸಲು ಸಹನೆಯ ಹೆಸರು ಹೇಳುವುದು ನ್ಯಾಯವೇ? ಕುರ್‌ಆನ್ ಹೇಳುವ ಮರ್ಯಮರ ವೃತ್ತಾಂತವನ್ನು ನೆನೆಯಬಹುದು. ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವಿನಿಂದ ಸಾವನ್ನೇ ಬಯಸಿದ ಆಕೆಯನ್ನು ಅಲ್ಲಿ ಯಾರೂ ಗದರಲಿಲ್ಲ. ದುಃಖಿಸದಿರೆಂದು ಸಾಂತ್ವನ ಸಿಕ್ಕಿತು, ಜೊತೆಗೆ ಕುಡಿಯಲು ನೀರು, ತಿನ್ನಲು ಹಣ್ಣು ಸಿಕ್ಕಿತು. ಸಂತೈಸುವುದೆಂದರೆ ಮಾತಿನ ಜೊತೆ ನೆರವೂ ಹೌದು.

ರಾವಲ್ಪಿಂಡಿಯ ಪಾಠ

ಸಂತೈಸುವುದನ್ನು, ಕೇಳಿಸಿಕೊಳ್ಳುವುದನ್ನು ಒಂದು ಕೆಲಸವಾಗಿ ಕಲಿತು ಮಾಡಲು ಸಾಧ್ಯವೇ? ಪಾಕಿಸ್ತಾನದ ರಾವಲ್ಪಿಂಡಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಇದನ್ನು ಪ್ರಯತ್ನಿಸಿ ನೋಡಿದರು. ಆತಂಕದಿಂದ ಬಳಲುತ್ತಿದ್ದ 1,200 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಜೊತೆ, ಮನಶ್ಶಾಸ್ತ್ರದಲ್ಲಿ ಪದವಿ ಮಟ್ಟದ ಓದು ಮಾತ್ರ ಇದ್ದು ಚಿಕಿತ್ಸೆಯ ಅನುಭವವಿಲ್ಲದ ಮಹಿಳೆಯರು ತರಬೇತಿ ಪಡೆದು ಕುಳಿತು ಮಾತಾಡಿದರು. ಕಾಡುವ ಯೋಚನೆ ಯಾವುದು, ಅದು ಎಷ್ಟು ನಿಜ, ಅದರ ಬದಲು ಹೇಗೆ ಯೋಚಿಸಬಹುದು, ಮನೆಯವರ ನೆರವನ್ನು ಹೇಗೆ ಕೇಳಬಹುದು ಎಂದು. 2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೆರಿಗೆಯಾಗಿ ಆರು ವಾರಗಳ ಬಳಿಕ ಮಾತುಕತೆ ಸಿಕ್ಕವರಲ್ಲಿ ತೀವ್ರ ಅಥವಾ ಮಧ್ಯಮ ಮಟ್ಟದ ಆತಂಕವಿದ್ದವರು ಶೇ. 9, ಸಿಗದವರಲ್ಲಿ ಶೇ. 27. ಖಿನ್ನತೆ ಇದ್ದವರು ಶೇ. 12 ಮತ್ತು ಶೇ. 41.

ಆ ಆಸ್ಪತ್ರೆಗೆ ಬಂದವರ ಬಡತನ, ಗಂಡುಮಗುವಿನ ಒತ್ತಾಯ, ಕೂಡುಕುಟುಂಬ ಯಾವುದೂ ನಮಗೆ ಅಪರಿಚಿತವಲ್ಲ. ಅಲ್ಲಿ ಆದದ್ದು ಇಲ್ಲಿಯೂ ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾರೂ ಉಚಿತವಾಗಿ ಕರೆ ಮಾಡಬಹುದು. ಗರ್ಭಿಣಿಯರಿಗೆ ಕೊಡಬಹುದಾದ ಔಷಧಗಳೂ ಇವೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸಿರಾದೆವೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವವಳ ತೂಕ, ರಕ್ತದೊತ್ತಡ ನೋಡುವಾಗಲೇ ಅವಳ ನಿದ್ದೆಯನ್ನೂ ಮನಸ್ಸನ್ನೂ ಒಂದು ಮಾತು ವಿಚಾರಿಸಲು ದೊಡ್ಡ ಖರ್ಚೇನೂ ಆಗದು.

ಮನೆಯಲ್ಲಿ ಆಗಬೇಕಾದದ್ದೂ ಸಣ್ಣದೇ. ‘ವಿಶೇಷ ಉಂಟಾ’ ಎಂಬ ಪ್ರಶ್ನೆಯನ್ನು ನಿಲ್ಲಿಸಬಹುದು. ಗಂಡ ತನ್ನ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಬಹುದು, ತನಗೂ ಭಯವಿದೆಯೆಂದು ಹೆಂಡತಿಗೆ ಹೇಳಬಹುದು. ಗರ್ಭ ಹೋದಾಗ ‘ಇನ್ನೊಂದಾಗುತ್ತದೆ ಬಿಡು’ ಎನ್ನದೆ, ಹೋದದ್ದಕ್ಕೆ ಅಳಲು ಬಿಡಬಹುದು.

ಇನ್ನು ಬರೆಯುವವರ ಮಾತು. ಕಾತ್ಯಾಯನಿಗೆ ಅವಳ ತಪ್ಪಲ್ಲವೆಂದು ಹೇಳುವವರು ಬೇಕಿತ್ತು. ಕಾಳಿ-ಪೊನ್ನರಿಗೆ ಒಂದು ರಾತ್ರಿಯ ಮನಬಿಚ್ಚಿದ ಮಾತು ಬೇಕಿತ್ತು. ಮೆಹರುನ್‌ಗೆ ಬಾಗಿಲು ತೆರೆಯುವ ಒಂದು ತವರು ಬೇಕಿತ್ತು. ಹೆಣ್ಣಿನ ಮೇಲಾಗುವ ಅನ್ಯಾಯವನ್ನು ನಮ್ಮ ಸಾಹಿತ್ಯ ಧೈರ್ಯದಿಂದ ಹೇಳಿದೆ, ಇನ್ನೂ ಹೇಳಬೇಕು. ಅದರ ಜೊತೆಗೆ, ದಿಗಿಲುಗೊಂಡ ಹೆಣ್ಣಿನ ಪಕ್ಕದಲ್ಲಿ ಕುಳಿತು ‘ಹೇಳು, ಕೇಳುತ್ತೇನೆ’ ಎನ್ನುವ ಒಂದು ಪಾತ್ರವನ್ನೂ ನಮ್ಮ ಕಥೆಗಾರರು ಬರೆಯಲಿ. ಅಂಥ ಪಾತ್ರವನ್ನು ಪುಟದಲ್ಲಿ ಕಂಡ ಓದುಗರಿಗೆ ಮನೆಯಲ್ಲಿ ಅದಾಗುವುದು ಅಷ್ಟು ಕಷ್ಟವೆನಿಸಲಾರದು.